ಪರೀಕ್ಷೆಯೂ ಬಾಯಿಯ ಪಸೆಯೂ

ಪ್ರಶ್ನೆಪತ್ರಿಕೆ ಕೈಗೆ ಬರುವುದಕ್ಕೆ ಇನ್ನು ಐದು ನಿಮಿಷ ಇದೆ ಎನ್ನುವಾಗ ವಿದ್ಯಾರ್ಥಿಯ ಬಾಯಿ ಒಣಗುತ್ತದೆ. ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಉಗುಳು ನುಂಗುವುದೂ ಕಷ್ಟವಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿಯೇ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಎರಡು ಗುಟುಕು ನೀರು ಕುಡಿಸಿ, ಹೆದರಬೇಡ ಎಂದು ಹೇಳಿ ಗೇಟಿನ ಒಳಗೆ ಕಳಿಸುತ್ತೇವೆ. ಆದರೆ ಆ ಒಣಗಿದ ಬಾಯಲ್ಲಿ ಉಳಿದ ಒಂದೆರಡು ಹನಿ ಉಗುಳಿನಲ್ಲಿ ಆಗ ಏನು ನಡೆದಿರುತ್ತದೆ ಎಂಬುದನ್ನು ಹಲವು ದಶಕಗಳಿಂದ ವಿಜ್ಞಾನಿಗಳು ಅಳೆಯುತ್ತ ಬಂದಿದ್ದಾರೆ. ಪರೀಕ್ಷೆಯ ಭಯ ಎಂದರೆ ಮನಸ್ಸಿನ ದೌರ್ಬಲ್ಯ, ಗಟ್ಟಿ ಮನಸ್ಸು ಮಾಡಿಕೊಂಡರೆ ಹೋಗುತ್ತದೆ ಎಂದು ನಂಬಿರುವ ತಂದೆತಾಯಿಗಳಿಗೂ ಕಾಲೇಜುಗಳಿಗೂ ಆ ಅಳತೆಗಳಲ್ಲಿ ತಿಳಿಯಬೇಕಾದದ್ದು ಬಹಳ ಇದೆ. ಈ ಹೊತ್ತಿನ ಮಾತು ಅದರ ಬಗ್ಗೆ.

ನಮ್ಮ ಲಾಲಾರಸದಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು ಅದರ ಕೆಲಸ. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯಾಗುವುದು ಅದರಿಂದಲೇ. ಉಗುಳು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ ಎಂದು 1831ರಷ್ಟು ಹಿಂದೆಯೇ ಜರ್ಮನಿಯ ಲಾಯ್ಕ್ಸ್ ಕಂಡುಕೊಂಡಿದ್ದ. ಮಂಗನಬಾವು ಬಂದಾಗ ಕಿವಿಯ ಮುಂದೆ ಊದಿಕೊಳ್ಳುತ್ತದಲ್ಲ, ಆ ಗ್ರಂಥಿಯಲ್ಲೇ ಈ ಕಿಣ್ವದ ಹೆಚ್ಚಿನ ಪಾಲು ತಯಾರಾಗುವುದು. ಆ ಗ್ರಂಥಿಗೆ ಎರಡು ಬಗೆಯ ನರಗಳು ಬರುತ್ತವೆ. ಒಂದು ಬಗೆಯದು ನೆಮ್ಮದಿಯ ಹೊತ್ತಿನದು. ಊಟದ ವಾಸನೆ ಬಂದಾಗ ಬಾಯಲ್ಲಿ ನೀರೂರಿಸುವುದು ಅದೇ. ಇನ್ನೊಂದು ಅಪಾಯದ ಹೊತ್ತಿನದು. ವೈದ್ಯರು ಸಿಂಪಥೆಟಿಕ್ ನರಮಂಡಲ ಎನ್ನುತ್ತಾರೆ. ಎದೆ ಬಡಿತ ಏರಿಸುವುದು, ಅಂಗೈ ಬೆವರಿಸುವುದು ಇದರ ಕೆಲಸ. ಗಾಬರಿಯಾದಾಗ ಮೊದಲನೆಯದು ಹಿಂದೆ ಸರಿಯುತ್ತದೆ, ನೀರು ಕಡಿಮೆಯಾಗುತ್ತದೆ. ಎರಡನೆಯದು ಮುಂದೆ ಬಂದು ಗ್ರಂಥಿಯ ಕೋಶಗಳಲ್ಲಿ ಕೂಡಿಟ್ಟಿದ್ದ ಪ್ರೋಟೀನುಗಳನ್ನು ಹೊರಗೆ ಸುರಿಸುತ್ತದೆ. ಅದರಲ್ಲಿ ಅಮೈಲೇಸ್ ಮುಖ್ಯವಾದದ್ದು. ಬಾಯಿಯ ಪಸೆ ಆರುತ್ತದೆ, ಉಳಿದ ಉಗುಳು ಅಂಟಂಟಾಗುತ್ತದೆ, ಆ ಅಂಟು ಉಗುಳಿನಲ್ಲಿ ಕಿಣ್ವ ತುಂಬಿರುತ್ತದೆ. ಊಟವೇ ಇಲ್ಲದ ಹೊತ್ತಿನಲ್ಲಿ ಜೀರ್ಣಿಸುವ ಕಿಣ್ವ ಏರುವುದು ವಿಚಿತ್ರವಾಗಿ ಕಂಡರೂ, ಅದು ಆ ಹೊತ್ತಿನಲ್ಲಿ ಆಹಾರಕ್ಕಾಗಿ ಬಂದದ್ದಲ್ಲ. ನರ ಎಳೆದ ಎಳೆತಕ್ಕೆ ಬಂದದ್ದು.

ಇದನ್ನು ಅಳೆಯುವ ಕ್ರಮ ಬಹಳ ಸರಳ, ಅದರ ಆಕರ್ಷಣೆಯೂ ಅಲ್ಲಿಯೇ ಇದೆ. ಸೂಜಿ ಚುಚ್ಚಬೇಕಿಲ್ಲ, ರಕ್ತ ತೆಗೆಯಬೇಕಿಲ್ಲ. ಒಂದು ಗಂಟೆಯಿಂದ ಏನೂ ತಿನ್ನದ ವಿದ್ಯಾರ್ಥಿ ನೀರಿನಿಂದ ಬಾಯಿ ಮುಕ್ಕಳಿಸುತ್ತಾನೆ, ತಲೆ ತಗ್ಗಿಸಿ ಕೂತು ಬಾಯಲ್ಲಿ ಊರಿದ ಜೊಲ್ಲನ್ನು ಸಣ್ಣ ನಳಿಕೆಗೆ ಇಳಿಬಿಡುತ್ತಾನೆ. ನಳಿಕೆಯನ್ನು ಮಂಜುಗಡ್ಡೆಯ ಮೇಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ಅದಕ್ಕೆ ಒಂದು ಕೃತಕ ಪಿಷ್ಟದ ತುಣುಕನ್ನು ಬೆರೆಸುತ್ತಾರೆ. ಕಿಣ್ವ ಅದನ್ನು ಕತ್ತರಿಸಿದಂತೆಲ್ಲ ದ್ರವ ಹಳದಿಯಾಗುತ್ತ ಹೋಗುತ್ತದೆ. ಹಳದಿ ಎಷ್ಟು ಬೇಗ ಏರಿತೋ ಕಿಣ್ವದ ಚಟುವಟಿಕೆ ಅಷ್ಟು ಹೆಚ್ಚು. 1996ರಲ್ಲಿ ಅಮೆರಿಕದ ಚ್ಯಾಟರ್ಟನ್ ಮತ್ತು ಸಂಗಡಿಗರು ವ್ಯಾಯಾಮ, ಬಿಸಿ, ಚಳಿ ಇವುಗಳ ಜೊತೆಗೆ ಲಿಖಿತ ಪರೀಕ್ಷೆಯನ್ನೂ ಸೇರಿಸಿಕೊಂಡು ಹೀಗೆ ಅಳೆದು, ಲಾಲಾರಸದ ಅಮೈಲೇಸ್ ಒಳಗಿನ ತಳಮಳದ ಸೂಚಕವಾಗಬಲ್ಲದು ಎಂದು ತೋರಿಸಿದರು. ಅದೇ ವರ್ಷ ನೆದರ್ಲೆಂಡ್ಸ್‌ನ ಬಾಶ್ ಮತ್ತು ಸಂಗಡಿಗರು ಪರೀಕ್ಷೆಗೆ ಮುಂಚೆ ತೆಗೆದ ಉಗುಳನ್ನೂ ಪರೀಕ್ಷೆಯಿಲ್ಲದ ದಿನಗಳಲ್ಲಿ ಅದೇ ವಿದ್ಯಾರ್ಥಿಗಳಿಂದ ತೆಗೆದ ಉಗುಳನ್ನೂ ಹೋಲಿಸಿ, ಪರೀಕ್ಷೆಯ ದಿನ ಅಮೈಲೇಸ್ ಏರಿರುವುದನ್ನು ಕಂಡರು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟರೆ ಈ ಏರಿಕೆ ಕುಗ್ಗುತ್ತದೆ ಎಂಬುದೂ ಮುಂದೆ ಗೊತ್ತಾಯಿತು. ಏರಿಕೆ ನರದ್ದೇ ಕೆಲಸ ಎನ್ನುವುದಕ್ಕೆ ಅದೊಂದು ಗಟ್ಟಿ ಆಧಾರ. ಒತ್ತಡದ ಹಾರ್ಮೋನು ಎಂದು ಹೆಸರಾದ ಕಾರ್ಟಿಸಾಲ್ ಲಾಲಾರಸದಲ್ಲಿ ತುದಿಗೇರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಮೈಲೇಸ್ ಕೆಲವೇ ನಿಮಿಷಗಳಲ್ಲಿ ಏರಿ, ಕಾರಣ ಕಳೆದ ಮೇಲೆ ಬೇಗ ಇಳಿಯುತ್ತದೆ.

ಈ ಇಳಿಯುವ ಗುಣದ ಮೇಲೆಯೇ ನನ್ನ ವಾದ ನಿಂತಿದೆ. ಏರುವುದು ಕಾಯಿಲೆಯಲ್ಲ. ಏರದಿದ್ದರೆ ಬರೆಯುವ ಕೈಗೆ ಚುರುಕು ಬರುವುದಿಲ್ಲ, ಓದಿದ್ದು ತುದಿನಾಲಿಗೆಗೆ ಬರುವುದಿಲ್ಲ. ಬಾಶ್ ಅವರ ವಿದ್ಯಾರ್ಥಿಗಳಲ್ಲಿ ಅಮೈಲೇಸ್ ಜೊತೆಗೆ ರೋಗಾಣುಗಳನ್ನು ತಡೆಯುವ ಇಮ್ಯುನೊಗ್ಲಾಬ್ಯುಲಿನ್-ಎ ಎಂಬ ಪ್ರೋಟೀನೂ ಪರೀಕ್ಷೆಗೆ ಮುಂಚೆ ಏರಿತ್ತು. ಅಂದರೆ ದೇಹ ಸಜ್ಜಾಗಿತ್ತು. ಆದರೆ ಇದೇ ಪ್ರೋಟೀನನ್ನು ದಂತವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ತಿಂಗಳುಗಟ್ಟಲೆ ಅಳೆಯುತ್ತ ಹೋದ ಜೆಮ್ಮಟ್ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆ. 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪ್ರಕಾರ, ಪರೀಕ್ಷೆಗಳು ಒತ್ತೊತ್ತಾಗಿದ್ದ ತಿಂಗಳುಗಳಲ್ಲಿ ಅದು ತಗ್ಗಿತ್ತು. ಒತ್ತಡ ಕಳೆದ ಮೇಲೆ ಹೆಚ್ಚಿನವರಲ್ಲಿ ಮತ್ತೆ ಮೇಲೆ ಬಂತು. ಇತರರನ್ನು ಮೀರಿಸಬೇಕೆಂಬ ಹಂಬಲವನ್ನು ಒಳಗೇ ಅದುಮಿಟ್ಟುಕೊಂಡಿದ್ದವರಲ್ಲಿ ಮಾತ್ರ ಪರೀಕ್ಷೆ ಮುಗಿದ ಮೇಲೂ ಇಳಿಯುತ್ತಲೇ ಹೋಯಿತು. ಸ್ನೇಹವನ್ನು ಬಯಸುವ, ಹಗುರವಾಗಿರುವ ಸ್ವಭಾವದವರಲ್ಲಿ ಅದು ವರ್ಷದುದ್ದಕ್ಕೂ ಹೆಚ್ಚಿತ್ತು. ಒಂದು ಬೆಳಗಿನ ಒತ್ತಡ ದೇಹವನ್ನು ಸಜ್ಜುಗೊಳಿಸುತ್ತದೆ, ಬಿಡುವಿಲ್ಲದ ಒತ್ತಡ ಅದೇ ದೇಹವನ್ನು ಬರಿದು ಮಾಡುತ್ತದೆ. ಈ ಎರಡು ಅಧ್ಯಯನಗಳು ಒಂದಕ್ಕೊಂದು ವಿರುದ್ಧ ಎಂದು ಓದುವವರು ಇದ್ದಾರೆ. ನನಗೆ ಅವು ಒಂದೇ ಮಾತಿನ ಎರಡು ಭಾಗಗಳಾಗಿ ಕಾಣುತ್ತವೆ.

ಇದಕ್ಕಿಂತ ಕಣ್ಣಿಗೆ ಕಟ್ಟುವಂಥ ಸಾಕ್ಷ್ಯ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ್ದು. ಅಲ್ಲಿ 11 ಮಂದಿ ದಂತವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ಅಂಗುಳಿನಲ್ಲಿ ಮೂರೂವರೆ ಮಿಲಿಮೀಟರ್ ಅಗಲದ ಪುಟ್ಟ ಗಾಯ ಮಾಡಿಸಿಕೊಳ್ಳಲು ಒಪ್ಪಿದರು. ಒಂದು ಗಾಯ ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಇರುವಾಗ. ಅದೇ ಬಾಯಿ, ಅದೇ ಅಳತೆಯ ಗಾಯ. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಶೇಕಡಾ 40ರಷ್ಟು ಹೆಚ್ಚು ಸಮಯ ಹಿಡಿಯಿತು. ರಜೆಯಲ್ಲಿ ಮಾದಷ್ಟು ಬೇಗ ಒಬ್ಬರಿಗೂ ಮಾಯಲಿಲ್ಲ. 1998ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು ನಿಜ. ಆದರೆ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಿದ್ದರಿಂದ ಅದರ ಮಾತಿಗೆ ತೂಕವಿದೆ. ಮಗನಿಗೆ ಪರೀಕ್ಷೆ ಹತ್ತಿರ ಬಂದರೆ ಬಾಯಿಹುಣ್ಣು ಏಳುತ್ತದೆ, ಬೇಗ ವಾಸಿಯಾಗುವುದಿಲ್ಲ ಎಂದು ತಾಯಂದಿರು ಹೇಳುವ ಮಾತನ್ನು ಉಷ್ಣ ಎಂದು ತಳ್ಳಿಹಾಕುವ ಮೊದಲು ಈ ಹನ್ನೊಂದು ಮಂದಿಯನ್ನು ನೆನೆಯಬೇಕು.

ಬಿಡುವಿಲ್ಲದ ಒತ್ತಡ ಹೇಗಿರುತ್ತದೆ ಎಂದು ನೋಡಲು ಈಗ ಆಂಧ್ರದ ವಿಜಯವಾಡಕ್ಕೆ ಬರೋಣ. ಬೆಂಜ್ ಸರ್ಕಲ್ ದಾಟಿ ಏಲೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಿಡಮಾನೂರು, ಗುಡವಲ್ಲಿಗಳವರೆಗೆ ವಸತಿ ಕಾಲೇಜುಗಳ ಬಹುಮಹಡಿ ಕಟ್ಟಡಗಳು ಎದ್ದಿವೆ. ವಿಶಾಖಪಟ್ಟಣದಲ್ಲಿ ದ್ವಾರಕಾನಗರದ ಕೋಚಿಂಗ್ ಕೇಂದ್ರಗಳು, ಮಧುರವಾಡದ ಹಾಸ್ಟೆಲುಗಳು. ಆಂಧ್ರದವರು ಇವನ್ನು ಕಾರ್ಪೊರೇಟ್ ಕಾಲೇಜು ಎಂದೇ ಕರೆಯುತ್ತಾರೆ. ಬಳ್ಳಾರಿ, ರಾಯಚೂರು, ಕೋಲಾರಗಳ ಮನೆಗಳಿಗೆ ಈ ಕಾಲೇಜುಗಳು ಹೊಸವಲ್ಲ. ಅದೇ ಮಾದರಿ ಬೆಂಗಳೂರಿಗೂ ಬಂದು ಬಹಳ ಕಾಲವಾಯಿತು. 1986ರಲ್ಲಿ ಆಗಿನ ಆಂಧ್ರದಲ್ಲಿ ಎಂಸೆಟ್ ಪ್ರವೇಶ ಪರೀಕ್ಷೆ ಶುರುವಾದ ಮೇಲೆ ಬೆಳೆದ ವ್ಯವಸ್ಥೆ ಇದು. ಬಹಳ ಕಡೆ ಬೆಳಗಿನ ಜಾವಕ್ಕೆ ಎಬ್ಬಿಸುವ ಸ್ಟಡಿ ಅವರ್‌ನಿಂದ ರಾತ್ರಿ ಹತ್ತು ದಾಟುವ ಸ್ಟಡಿ ಅವರ್‌ವರೆಗೆ ದಿನ ಹರಡಿಕೊಂಡಿರುತ್ತದೆ. ವಾರ ಮುಗಿದರೆ ವೀಕೆಂಡ್ ಟೆಸ್ಟ್. ಟೆಸ್ಟಿನ ಅಂಕದ ಮೇಲೆ ರ‍್ಯಾಂಕು, ರ‍್ಯಾಂಕಿನ ಮೇಲೆ ಸೆಕ್ಷನ್ನು. ಸೆಕ್ಷನ್ ಬದಲಾದರೆ ಪಾಠ ಹೇಳುವವರೂ ಬದಲಾಗುತ್ತಾರೆ, ಪಕ್ಕದ ಗೆಳೆಯನೂ ಬದಲಾಗುತ್ತಾನೆ. ಸೀಟು ಸಿಗದವರಿಗೆ ಲಾಂಗ್ ಟರ್ಮ್, ಅಂದರೆ ಇನ್ನೊಂದು ಇಡೀ ವರ್ಷ ಅದೇ ದಿನಚರಿ. ಅಮೈಲೇಸ್ ಏರುವುದಕ್ಕೆ ಇಲ್ಲಿ ಕಾರಣಗಳಿಗೆ ಬರವಿಲ್ಲ. ಅದು ಇಳಿಯುವುದಕ್ಕೆ ಬೇಕಾದ ಭಾನುವಾರ, ನಿದ್ದೆ, ಸಂಜೆಯ ಆಟ, ನಿನ್ನೆ ಇದ್ದ ಗೆಳೆಯ ಇವತ್ತೂ ಪಕ್ಕದಲ್ಲಿರುತ್ತಾನೆ ಎಂಬ ಭರವಸೆ, ಇವನ್ನೇ ದಿನಚರಿ ಕಿತ್ತುಕೊಂಡಿದೆ.

2023ರ ಜುಲೈನಲ್ಲಿ ವಿಶಾಖಪಟ್ಟಣದ ಹಾಸ್ಟೆಲೊಂದರಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿ ತೀರಿಕೊಂಡಳು. ಆಕೆಯ ತಂದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು; ಅಷ್ಟಕ್ಕೇ ನಿಲ್ಲದೆ ಇಡೀ ದೇಶದ ವಿದ್ಯಾಸಂಸ್ಥೆಗಳಿಗೆ ಅನ್ವಯಿಸುವ 15 ನಿರ್ದೇಶನಗಳನ್ನು ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಇರಬೇಕು, ಕೋಚಿಂಗ್ ಸಂಸ್ಥೆಗಳು ಅಂಕದ ಮೇಲೆ ಬ್ಯಾಚುಗಳನ್ನು ಬೇರ್ಪಡಿಸಬಾರದು, ನಾಲ್ಕು ಜನರೆದುರು ಅವಮಾನಿಸಬಾರದು, ಮಗುವಿನ ಶಕ್ತಿ ಮೀರಿದ ಗುರಿ ಹೇರಬಾರದು ಎಂದಿತು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಜೀವ ಕಳೆದುಕೊಂಡ 13,044 ವಿದ್ಯಾರ್ಥಿಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರ ಕೊಟ್ಟಿದೆ. ಆ ವರ್ಷ 2,248 ಸಾವುಗಳಿಗೆ ಪರೀಕ್ಷೆಯಲ್ಲಿ ನಪಾಸಾದದ್ದೇ ಕಾರಣವೆಂದು ದಾಖಲಾಗಿದೆ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ, ಕಿಣ್ವವೊಂದನ್ನು ಅಳೆದು ಇಂಥ ದುರಂತವನ್ನು ವಿವರಿಸಲೂ ಆಗದು. ಆದರೆ ನ್ಯಾಯಾಲಯ ತಡೆಯಲು ಹೇಳಿದ ರೂಢಿಗಳನ್ನು ಗಮನಿಸಿ: ಬ್ಯಾಚು ಬೇರ್ಪಡಿಸುವುದು, ಅವಮಾನಿಸುವುದು, ಮುಟ್ಟಲಾರದ ಗುರಿ ಇಡುವುದು. ಒಂದು ದಿನದ ಪರೀಕ್ಷೆಯ ಭಯವನ್ನು ಇಡೀ ವರ್ಷಕ್ಕೆ ಹಬ್ಬಿಸುವ ರೂಢಿಗಳು ಇವೇ. ಕಾನೂನು ಬೇರೆ ದಾರಿಯಿಂದ ಬಂದು ಪ್ರಯೋಗಾಲಯ ತಲುಪಿದ ಜಾಗವನ್ನೇ ತಲುಪಿದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ವಿಜ್ಞಾನಿಗಳದ್ದೇ. ಅಮೈಲೇಸ್ ನಂಬಲು ಅರ್ಹವಾದ ಅಳತೆಯೇ? ಕಾಫಿ ಕುಡಿದರೆ ಅದು ಏರುತ್ತದೆ, ಓಡಿದರೆ ಏರುತ್ತದೆ, ಏನನ್ನಾದರೂ ಅಗಿದರೂ ಬದಲಾಗುತ್ತದೆ. ಬೆಳಗ್ಗೆ ಎದ್ದ ಅರ್ಧ ಗಂಟೆಯಲ್ಲಿ ಇಳಿದು ಸಂಜೆಯವರೆಗೆ ಏರುತ್ತ ಹೋಗುವುದು ಅದರ ಸಹಜ ಗತಿ. ಹತ್ತು ಗಂಟೆಯ ಉಗುಳನ್ನು ನಾಲ್ಕು ಗಂಟೆಯ ಉಗುಳಿನೊಂದಿಗೆ ಹೋಲಿಸಿದರೆ ಗಡಿಯಾರವನ್ನು ಅಳೆದಂತಾಗುತ್ತದೆ. ಈ ಕಿಣ್ವದ ಜೀನು ಕೆಲವರಲ್ಲಿ ಎರಡು ಪ್ರತಿ ಇದ್ದರೆ ಕೆಲವರಲ್ಲಿ ಹತ್ತಕ್ಕೂ ಹೆಚ್ಚು ಇರುತ್ತದೆ. ಪಿಷ್ಟ ಹೆಚ್ಚು ತಿನ್ನುವ ಜನಾಂಗಗಳಲ್ಲಿ ಪ್ರತಿಗಳು ಹೆಚ್ಚು ಎಂದು 2007ರ ಅಧ್ಯಯನವೊಂದು ತೋರಿಸಿತು. 1996ರಲ್ಲಿ ಏರಿಕೆ ಕಂಡಿದ್ದ ಬಾಶ್ ಅವರೇ 2011ರಲ್ಲಿ ಸಂಗಡಿಗರೊಂದಿಗೆ, ಇದನ್ನು ನೇರವಾಗಿ ಸಿಂಪಥೆಟಿಕ್ ನರದ ಅಳತೆ ಎಂದು ಹಿಡಿಯಬೇಡಿ, ಬಾಯಿಗೆ ನೀರು ತರುವ ನರದ ಪಾತ್ರವೂ ಇದೆ ಎಂದು ಎಚ್ಚರಿಸಿದರು. ಈ ಎಚ್ಚರಿಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರಿಂದ ಹೊರಡುವ ತೀರ್ಮಾನ ಅಳೆಯಬೇಡಿ ಎಂದಲ್ಲ. ಒಬ್ಬ ವಿದ್ಯಾರ್ಥಿಯನ್ನು ಇನ್ನೊಬ್ಬನೊಂದಿಗೆ ಹೋಲಿಸಬೇಡಿ, ಅವನನ್ನು ಅವನೊಂದಿಗೇ, ದಿನದ ಅದೇ ಹೊತ್ತಿನಲ್ಲಿ, ರಜೆಗೂ ಪರೀಕ್ಷೆಗೂ ನಡುವೆ ಹೋಲಿಸಿ ಎಂದು. ಅಂಗುಳಿನ ಗಾಯದ ಅಧ್ಯಯನ ಮಾಡಿದ್ದು ಇದನ್ನೇ.

ಈ ಎಚ್ಚರಿಕೆ ಪ್ರಯೋಗಾಲಯದ ಹೊರಗೂ ಬೇಕಾಗಿದೆ. ನಾಲಿಗೆಯ ಕೆಳಗೆ ಒಂದು ಪಟ್ಟಿ ಇಟ್ಟು ನಿಮಿಷದೊಳಗೆ ಅಮೈಲೇಸ್ ಹೇಳುವ ಕೈಯಳತೆಯ ಯಂತ್ರಗಳು ಜಪಾನಿನಲ್ಲಿ ತಯಾರಾಗಿವೆ. ಇಂಥದ್ದು ಅಗ್ಗವಾಗಿ ನಮ್ಮ ಹಾಸ್ಟೆಲುಗಳಿಗೆ ಬಂದರೆ, ಒತ್ತಡ ತಾಳುವ ಮಕ್ಕಳು ಯಾರು, ತಾಳದವರು ಯಾರು ಎಂದು ವಿಂಗಡಿಸಿ ಇನ್ನೊಂದು ಸೆಕ್ಷನ್ ಮಾಡುವ ಆಸೆ ಹುಟ್ಟದೆ ಇರಲಾರದು. ನಮ್ಮ ಧರ್ಮಶಾಸ್ತ್ರಗಳು ವಿವರಿಸುವ ದಿವ್ಯಗಳಲ್ಲಿ ತಂಡುಲ ದಿವ್ಯ ಎಂಬುದೊಂದು ಇತ್ತು. ಕಳವಿನ ಆರೋಪ ಹೊತ್ತವನಿಗೆ ಅಕ್ಕಿ ಅಗಿಯಲು ಕೊಟ್ಟು ಉಗುಳಿಸುತ್ತಿದ್ದರು. ಉಗುಳಿನಲ್ಲಿ ರಕ್ತ ಕಂಡರೆ, ಮೈ ನಡುಗಿದರೆ ಅಪರಾಧಿ. ಒಣಗಿದ ಬಾಯಲ್ಲಿ ಒಣ ಅಕ್ಕಿ ಅಗಿದರೆ ವಸಡು ಗೀರಿ ರಕ್ತ ಬರುವುದು ಸಹಜ ಎಂದು ಇಂದಿನ ಶರೀರಶಾಸ್ತ್ರ ಹೇಳೀತು. ಆದರೆ ನಿರಪರಾಧಿಯ ಬಾಯೂ ಹೆದರಿದರೆ ಒಣಗುತ್ತದೆ. ಉಗುಳು ಭಯವನ್ನು ಹೇಳುತ್ತದೆಯೇ ಹೊರತು ತಪ್ಪು ಯಾರದು ಎಂದು ಹೇಳುವುದಿಲ್ಲ. ಅಮೈಲೇಸ್ ಏರಿದ ಹುಡುಗಿಯನ್ನು ದುರ್ಬಲಳು ಎಂದು ಬರೆದಿಟ್ಟರೆ ನಾವು ಆ ದಿವ್ಯವನ್ನು ಹೊಸ ಯಂತ್ರದಿಂದ ನಡೆಸಿದಂತೆ. ಅಳತೆ ಮಾಡುವುದಿದ್ದರೆ ಅದು ಸಂಸ್ಥೆಯ ವೇಳಾಪಟ್ಟಿಯನ್ನು ಪರೀಕ್ಷಿಸಲು ಬಳಕೆಯಾಗಲಿ, ಮಗುವನ್ನು ಅಲ್ಲ.

ಎರಡನೆಯ ಆಕ್ಷೇಪ ಪೋಷಕರದ್ದು, ಅದಕ್ಕೆ ಹೆಚ್ಚಿನ ಗೌರವ ಸಲ್ಲಬೇಕು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಕರೆ ಎರಡೆಕರೆ ಭೂಮಿ ಇರುವ ಕುಟುಂಬಕ್ಕೆ ಮಗಳನ್ನು ಡಾಕ್ಟರ್ ಮಾಡಲು ಬೇರೆ ಏಣಿ ಇಲ್ಲ. ಸಾಲ ಮಾಡಿ ಫೀಸು ಕಟ್ಟಿದ ತಂದೆಗೆ ಒತ್ತಡ ಕಡಿಮೆ ಮಾಡಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶವಾಗಿ ಕೇಳಿಸೀತು. ಒತ್ತಡವಿಲ್ಲದೆ ಸಾಧನೆ ಇಲ್ಲ ಎಂದೂ ಅವರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ, 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಇವತ್ತಿಗೂ ಅದಕ್ಕೇ ಉಲ್ಲೇಖವಾಗುತ್ತದೆ. ಆದರೆ ಆ ಪ್ರಯೋಗದ ಪೂರ್ತಿ ಫಲಿತಾಂಶ ಅಷ್ಟೇ ಅಲ್ಲ. ಕೆಲಸ ಕಠಿಣವಾದಷ್ಟೂ ಕಲಿಕೆಗೆ ಅನುಕೂಲವಾದ ಒತ್ತಡದ ಮಟ್ಟ ಕೆಳಗಿಳಿಯಿತು; ಅದನ್ನು ಮೀರಿದರೆ ಕಲಿಕೆಯೇ ಕುಂಟಿತು. ಭೌತಶಾಸ್ತ್ರದ ಕಠಿಣ ಲೆಕ್ಕಕ್ಕೆ ಇಲಿಯ ಪಾಠ ನೇರವಾಗಿ ಹೊಂದುವುದಿಲ್ಲ ಎನ್ನಬಹುದು. ಹಾಗಾದರೆ ಒತ್ತಡ ಹೆಚ್ಚಿದಷ್ಟೂ ಒಳ್ಳೆಯದು ಎನ್ನಲೂ ಆ ಇಲಿಯನ್ನು ಸಾಕ್ಷಿಗೆ ಕರೆಯುವಂತಿಲ್ಲ. ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಬಡ ಕುಟುಂಬದ ಮಗುವಿಗೆ ನ್ಯಾಯ ಸಿಗುವ ದಾರಿಗಳಲ್ಲಿ ಪ್ರವೇಶ ಪರೀಕ್ಷೆ ದೊಡ್ಡದು. ಅದನ್ನು ಎದುರಿಸಲು ಹೋಗುವ ಮಗುವಿನ ದೇಹಕ್ಕೆ ವಾರಕ್ಕೊಂದು ಪೂರ್ತಿ ದಿನದ ಬಿಡುವು, ರಾತ್ರಿ ಏಳೆಂಟು ಗಂಟೆಯ ನಿದ್ದೆ ಕೊಟ್ಟರೆ ತಂದೆ ಕಟ್ಟಿದ ಫೀಸಿಗೆ ಮೋಸವಾಗುವುದಿಲ್ಲ. ಕಸಿದುಕೊಂಡರೆ ಆಗುತ್ತದೆ.

ನಮ್ಮ ಕಾಲದಲ್ಲೂ ಪರೀಕ್ಷೆ ಇತ್ತು, ಯಾರೂ ಕುಸಿಯಲಿಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಆಗ ವರ್ಷಕ್ಕೆ ಎರಡು ಮೂರು ಪರೀಕ್ಷೆ ಇದ್ದವು, ಉಳಿದ ದಿನ ಶಾಲೆ ಇತ್ತು. ಕುಸಿದವರೂ ಇದ್ದರು, ಲೆಕ್ಕ ಇಟ್ಟವರು ಇರಲಿಲ್ಲ.

ವ್ಯವಸ್ಥೆ ಬದಲಾಗುವುದೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕ 2023-24ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟು, ಪೂರಕ ಪರೀಕ್ಷೆ ಎಂಬ ಹಣೆಪಟ್ಟಿಯನ್ನು ತೆಗೆದುಹಾಕಿತು. ಇನ್ನೊಂದು ಅವಕಾಶ ಇದೆ ಎಂದು ಗೊತ್ತಿರುವ ಮಗು ಪರೀಕ್ಷಾ ಕೊಠಡಿಗೆ ಹೋಗುವ ರೀತಿಯೇ ಬೇರೆ. ಮೌಲ್ಯಮಾಪನದ ಹೊರೆ, ಶಿಕ್ಷಕರ ರಜೆ ಇವುಗಳ ತೊಂದರೆಗಳನ್ನು ಸರಿಪಡಿಸಿಕೊಂಡು ಇಂಥ ಅವಕಾಶವನ್ನು ಉಳಿಸಿಕೊಳ್ಳುವುದು ಯೋಗ್ಯ. ವಿಜಯವಾಡದಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜಿದೆ, ಎನ್‌ಟಿಆರ್ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಶಾಖಪಟ್ಟಣದಲ್ಲಿ 1923ರಿಂದ ನಡೆದುಬಂದ ಆಂಧ್ರ ಮೆಡಿಕಲ್ ಕಾಲೇಜಿದೆ, ದಂತ ಕಾಲೇಜುಗಳಿವೆ. ಲಾಲಾರಸ ಅಳೆಯುವ ಕೈಗಳೂ, ಅಳೆಯಬೇಕಾದ ಹಾಸ್ಟೆಲುಗಳೂ ಒಂದೇ ಊರಿನಲ್ಲಿರುವುದು ಅಪರೂಪದ ಅನುಕೂಲ. ಒಂದು ಬೆಳಗಿನ ಉಗುಳಿನಿಂದ ಹೆಚ್ಚು ತಿಳಿಯುವುದಿಲ್ಲ. ಜೂನ್‌ನಲ್ಲಿ ಹಾಸ್ಟೆಲಿಗೆ ಸೇರುವ ದಿನದಿಂದ ಮುಂದಿನ ಬೇಸಿಗೆಯವರೆಗೆ, ಮಕ್ಕಳ ಮತ್ತು ಪೋಷಕರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ವಾರದ ಟೆಸ್ಟು ಇರುವ ಕಾಲೇಜು ಮತ್ತು ಇಲ್ಲದ ಕಾಲೇಜುಗಳನ್ನು ಅಕ್ಕಪಕ್ಕ ಇಟ್ಟು ಅಳೆದರೆ, ಮಕ್ಕಳ ದೇಹದಲ್ಲಿ ಏರಿದ ಅಮೈಲೇಸ್ ಇಳಿಯುವುದು ಯಾವಾಗ ನಿಲ್ಲುತ್ತದೆ ಎಂಬುದು ಗೊತ್ತಾದೀತು. ನ್ಯಾಯಾಲಯದ ನಿರ್ದೇಶನ ಪಾಲನೆಯಾಗುತ್ತಿದೆಯೇ ಎಂದು ನೋಡುವ ಜಿಲ್ಲಾಧಿಕಾರಿಗಳ ಸಮಿತಿಗಳಿಗೂ ಅಂಥ ಅಂಕಿಅಂಶ ಬೇಕು.

ಅಧ್ಯಯನಕ್ಕೆ ವರ್ಷಗಳು ಹಿಡಿಯುತ್ತವೆ, ಮಕ್ಕಳು ಇವತ್ತು ಹಾಸ್ಟೆಲಿನಲ್ಲಿದ್ದಾರೆ. ಮಗುವನ್ನು ಸೇರಿಸಲು ಹೋಗುವ ತಂದೆತಾಯಿಗಳು ಫಲಿತಾಂಶದ ಫ್ಲೆಕ್ಸ್ ನೋಡುವುದರ ಜೊತೆಗೆ ಮೂರು ಪ್ರಶ್ನೆ ಕೇಳಿ: ಮಕ್ಕಳು ಎಷ್ಟು ಗಂಟೆಗೆ ಮಲಗುತ್ತಾರೆ, ಭಾನುವಾರ ಏನು ಮಾಡುತ್ತಾರೆ, ಆಪ್ತಸಮಾಲೋಚಕರು ಯಾರು ಮತ್ತು ಅವರ ಕೋಣೆ ಎಲ್ಲಿದೆ. ಈ ಮೂರಕ್ಕೆ ನೇರ ಉತ್ತರ ಸಿಗದ ಕಡೆ ಮಗುವನ್ನು ಬಿಟ್ಟುಬರಬೇಡಿ. ಮನಸ್ಸು ಭಾರವಾದವರು, ಬದುಕು ಬೇಡ ಎನಿಸಿದವರು, ಅವರ ಮನೆಯವರು, ಗೆಳೆಯರು ಯಾರೇ ಇರಲಿ, ಟೆಲಿಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಸಂಖ್ಯೆ 14416.